ಚರಗದ ದಿನ ಖಾನಾವಳಿ ತೆರೆದಿರುವುದಿಲ್ಲ

ಗೊತ್ತಿಲ್ಲದ ಊರಿನಲ್ಲಿ ಊಟ ಹುಡುಕುವವರಿಗೆ ನಾನು ಮೊದಲು ಹೇಳುವ ಮಾತು, ಬೋರ್ಡು ಓದಬೇಡಿ, ಹಿತ್ತಲಿಗೆ ಹೋಗಿ. ಮುಂಬಾಗಿಲಿಗೆ ಬಣ್ಣ ಯಾರು ಬೇಕಾದರೂ ಹಚ್ಚಿಸುತ್ತಾರೆ. ಹಿತ್ತಲಲ್ಲಿ ಬೂದಿಗುಂಡಿ ಇರುತ್ತದೆ, ಪಾತ್ರೆ ತೊಳೆದ ನೀರು ಹರಿದುಹೋಗುವ ದಾರಿ ಇರುತ್ತದೆ, ರೊಟ್ಟಿ ಬಡಿಯುವ ಹೆಂಗಸು ಇರುತ್ತಾಳೆ. ಬೂದಿ ಇನ್ನೂ ಬೆಚ್ಚಗಿದ್ದರೆ ಊಟ ಇವತ್ತಿನದು. ರೊಟ್ಟಿ ಬಡಿಯುವ ಸದ್ದು ನಿಂತು ನಿಂತು ಬರುತ್ತಿದ್ದರೆ ಹಿಟ್ಟು ಹಳೆಯದು, ಅಂಚು ಒಡೆಯುತ್ತಿದೆ, ಅವಳು ತೇಪೆ ಹಾಕುತ್ತಿದ್ದಾಳೆ ಎಂದು ತಿಳಿಯಿರಿ. ಊಟಕ್ಕೆ ಏನಿದೆ ಎಂದು ಅವಳನ್ನು ಕೇಳಬೇಡಿ. ಮುಂಜಾನೆ ನೀವೇನು ಉಂಡಿರಿ ಎಂದು ಕೇಳಿ. ತನ್ನ ಕೈಯ ಅಡುಗೆಯನ್ನೇ ಉಂಡಿದ್ದರೆ ಅಲ್ಲಿ ಕೂರಬಹುದು. ಕೂರುವ ಮೊದಲು ದರ ಮಾತಾಡಿಕೊಳ್ಳಿ. ಉಂಡ ಮೇಲೆ ಚೌಕಾಸಿಗೆ ಇಳಿದರೆ ಹೊಟ್ಟೆ ತುಂಬಿದ್ದು ಅವರಿಗೂ ಕಾಣುತ್ತದೆ. ಇದೆಲ್ಲ ನನಗೆ ಹತ್ತು ವರ್ಷ ತುಂಬುವುದರೊಳಗೆ ಗೊತ್ತಿತ್ತು. ಆ ವಯಸ್ಸಿನ ಮಗುವಿಗೆ ಇಷ್ಟೆಲ್ಲ ಗೊತ್ತಿರಬಾರದು ಎಂದು ಈಗ ಅನಿಸುತ್ತದೆ, ಆದರೆ ಗೊತ್ತಿತ್ತು, ಮತ್ತು ನನ್ನ ಅನ್ನ ಹುಟ್ಟಿದ್ದೂ ಅದರಿಂದಲೇ.

ಸುಗ್ಗಿಯ ತಿಂಗಳುಗಳಲ್ಲಿ ನಮ್ಮ ಮನೆ ಒಂದು ಟ್ರ್ಯಾಕ್ಟರಿನ ಹಿಂದೆ ಓಡಾಡುತ್ತಿತ್ತು. ಆಳಂದದಲ್ಲಿ ನಮಗೆ ಎರಡು ಖೋಲಿಯ ಮನೆ ಇತ್ತು, ತೊಗರಿ ಒಣಗುವ ಹೊತ್ತಿಗೆ ಅದಕ್ಕೆ ಬೀಗ ಬೀಳುತ್ತಿತ್ತು. ಅಪ್ಪ ಹಣಮಂತಪ್ಪನದು ರಾಶಿ ಮಷಿನ್. ಒಣಗಿದ ತೊಗರಿ ಗಿಡವನ್ನು ಅದರ ಬಾಯಿಗೆ ಕೊಟ್ಟರೆ ಒಂದು ಕಡೆ ಕಾಳು ಸುರಿಯುತ್ತದೆ, ಇನ್ನೊಂದು ಕಡೆ ಹೊಟ್ಟು ಹಾರುತ್ತದೆ. ಟ್ರ್ಯಾಕ್ಟರು ಬೇರೆಯವರದು, ಮಷಿನ್ ಮಾತ್ರ ನಮ್ಮದು. ಆಳಂದ ಬಿಟ್ಟು, ಅಫಜಲಪುರದ ಊರುಗಳನ್ನು ಒಂದೊಂದಾಗಿ ಮುಗಿಸಿ, ಭೀಮಾ ದಾಟಿ ಜೇವರ್ಗಿ ಸೀಮೆ ಸೇರುವಷ್ಟರಲ್ಲಿ ಚಳಿ ಹೋಗಿ ಬಿಸಿಲು ಚುರುಗುಟ್ಟುತ್ತಿತ್ತು. ಟ್ರಾಲಿಗೆ ತಾಡಪತ್ರಿ ಕಟ್ಟಿದರೆ ಅದು ಮಲಗುವ ಖೋಲಿ. ಟ್ರಾಲಿಯ ಕೆಳಗೆ, ಗಾಲಿಗಳ ನಡುವೆ, ಮೂರು ಕಲ್ಲಿಟ್ಟರೆ ಅವ್ವನ ಅಡುಗೆಮನೆ. ಮುಂದಿನ ಹಲಗೆಗೆ ಮೊಳೆ ಹೊಡೆದು ಬುದ್ಧನ ಪಟ ತೂಗುಹಾಕಿತ್ತು. ಟ್ರಾಲಿ ಹೊರಟಾಗಲೆಲ್ಲ ಪಟ ಹಲಗೆಗೆ ಬಡಿದು ಟಕ್ ಟಕ್ ಅನ್ನುವುದು, ಆ ಸದ್ದು ಕೇಳಿದರೆ ಮನೆ ನಡೆಯುತ್ತಿದೆ ಎಂದು ಅರ್ಥ. ನಾನು ಮತ್ತು ತಮ್ಮ ಸಿದ್ದು ಖಾಲಿ ಗೋಣಿಚೀಲಗಳ ಗುಡ್ಡೆಯ ಮೇಲೆ ಮಲಗುತ್ತಿದ್ದೆವು. ಮುಂದೆ ಕಲಬುರಗಿಯಲ್ಲಿ ನಾನು ಖಾಲಿ ಚೀಲದ ವ್ಯಾಪಾರಕ್ಕೆ ಇಳಿದಾಗ ಮೂಸಿ ನೋಡಿಯೇ ಈ ಚೀಲ ಎಷ್ಟು ಸಲ ತುಂಬಿ ಬರಿದಾಗಿದೆ ಎಂದು ಹೇಳುತ್ತಿದ್ದೆ. ದಲಾಲಿಗಳು ಬೆರಗಾಗುತ್ತಿದ್ದರು. ಅದರ ಮೇಲೆ ಮಲಗಿ ಬೆಳೆದವಳು ಎಂದು ನಾನು ಅವರಿಗೆ ಹೇಳಲಿಲ್ಲ. ವ್ಯಾಪಾರದಲ್ಲಿ ಎಲ್ಲವನ್ನೂ ಹೇಳಬಾರದು.

ಅಪ್ಪನ ಕರಾರು ಒಂದೇ ತೆರನಾಗಿತ್ತು: ಕೂಲಿಯ ಮಾತಿನಲ್ಲೇ ಊಟವೂ ಸೇರಿರಬೇಕು. ರಾಶಿ ನಡೆಯುವಷ್ಟು ದಿನ ಹೊಲದ ಮಾಲೀಕನ ಮನೆಯಿಂದ ನಾಲ್ಕೂ ಜನಕ್ಕೆ ಬುತ್ತಿ ಬರಬೇಕು. ಇದೇ ಅವ್ವನಿಗೂ ಅಪ್ಪನಿಗೂ ನಿತ್ಯದ ಜಗಳ. ಮೈಗೆ ತೊಗರಿ ಹೊಟ್ಟಿನ ಕಡಿತ, ಕಿವಿಯಲ್ಲಿ ಮಷಿನ್ನಿನ ಗುಂಯ್‌ಗುಡುವಿಕೆ, ಅದರ ನಡುವೆಯೂ ಅವ್ವ ಬಿಡುತ್ತಿರಲಿಲ್ಲ.

"ಜ್ವಾಳ ಅದ, ಒಲಿ ಅದ, ನನಗ ಎರಡ ಕೈ ಅದಾವ. ಅವ್ರ ಮನೀ ರೊಟ್ಟಿ ಯಾಕ ಬೇಕು ನಿಮಗ?"

"ನೀ ಮುಂಜಾನಿಂದ ಮಷಿನ್ನಿನ ಬಾಯಿಗಿ ತೊಗರಿ ಕೊಡ್ತಿ. ಮತ್ತ ಒಲಿ ಮುಂದ ಕುಂಡ್ರತಿ. ಎರಡು ಕೂಲಿ ಮಾಡಿ ಒಂದ ಕೂಲಿ ತಗೋತಿಯೇನು?"

"ಅವ್ರು ಕೊಡೋ ರೊಟ್ಟಿ ನೋಡೀರೇನು? ಮೊನ್ನಿದು. ಕಲ್ಲಿನ ಮ್ಯಾಲ ಒಗದ್ರ ಕಲ್ಲ ಒಡೀತದ."

"ಅದಕ್ಕs ಇಕೀನ ಕಳಸ್ತೇನಿ ಮುಂದ."

ಇಕಿ ಅಂದರೆ ನಾನು. ಹೊಸ ಊರಿಗೆ ಹೋದ ಸಂಜೆ, ಅಪ್ಪ ಮಾಲೀಕನ ಜೊತೆ ಕಟ್ಟೆಯ ಮೇಲೆ ಮಾತಾಡುತ್ತಿರುವಾಗ ನಾನು ನೀರು ಕೇಳುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬರುತ್ತಿದ್ದೆ. ಬೂದಿ, ಸದ್ದು, ನೀರಿನ ದಾರಿ, ಅಡುಗೆಯವಳ ಮುಖ. ಬಂದು ಅಪ್ಪನ ಪಕ್ಕ ನಿಂತು ಬಲಗಾಲಿನಿಂದ ಎಡಗಾಲು ಕೆರೆದುಕೊಂಡರೆ ಮನೆ ಚೆನ್ನಾಗಿದೆ ಎಂದು. ಸುಮ್ಮನೆ ನಿಂತರೆ, ಊಟ ಬಿಟ್ಟು ಕೂಲಿ ಹೆಚ್ಚಿಗೆ ಕೇಳು ಎಂದು. ಮಾಲೀಕರು ನನ್ನನ್ನು ನೋಡಿ, ಈ ಹುಡುಗಿಗೆ ಕಾಲಲ್ಲಿ ಕಜ್ಜಿ ಎಂದುಕೊಂಡಿರಬೇಕು.

ಕರಾರಿಗೆ ಇನ್ನೊಂದು ಕಾರಣವೂ ಇತ್ತು, ಅದನ್ನು ಅಪ್ಪ ಬಾಯಿಬಿಟ್ಟು ಹೇಳುವುದು ಕಡಿಮೆ. ಅವನು ಹುಟ್ಟಿದ್ದು ಊರ ಹೊರಗಿನ ಕೇರಿಯಲ್ಲಿ. ಬುದ್ಧನಿಗೆ ನಡೆದುಕೊಳ್ಳಲು ಶುರುಮಾಡಿ ಎಷ್ಟೋ ಕಾಲವಾಗಿದ್ದರೂ ಊರುಗಳಿಗೆ ನಮ್ಮ ಹಳೆಯ ಹೆಸರೇ ನೆನಪು. ರಾಶಿಗೆ ಮಷಿನ್ ಬೇಕಾದಾಗ ಅವನು ಹಣಮಂತಪ್ಪ, ಕಾಳು ಮನೆ ಸೇರಿದ ಮೇಲೆ ಹಣಮ್ಯಾ. ಕರಾರಿನ ಊಟ ನಮ್ಮ ಪಾತ್ರೆಯಲ್ಲಿ, ನಮ್ಮ ಟ್ರಾಲಿಗೆ ಬರುತ್ತಿತ್ತು. ಅದು ಕೂಲಿ, ಯಾರ ಕೃಪೆಯೂ ಅಲ್ಲ. ಸುಮ್ಮನೆ ಕೊಡುವ ಊಟ ಹಾಗಲ್ಲ. ಅದಕ್ಕೆ ಕೈ ಒಡ್ಡಿ ನಿಲ್ಲಬೇಕು, ಅದು ಮೇಲಿನಿಂದ ಬೀಳುತ್ತದೆ. ಕೊಡುವ ಕೈ ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂದು ನೋಡುವುದನ್ನು ಅಪ್ಪ ನನಗೆ ಕಲಿಸಲಿಲ್ಲ. ಅದನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಕಲಿತೆ. ಆ ಮಧ್ಯಾಹ್ನದ ವಿಷಯ ಹೇಳಬೇಕಾದರೆ ಈ ಕಳೆದ ಚಳಿಗಾಲದ ಪ್ರಯಾಣದಿಂದ ಶುರುಮಾಡಬೇಕು, ಏಕೆಂದರೆ ಅಲ್ಲಿಯವರೆಗೆ ಅದನ್ನು ನಾನು ಯಾರ ಮುಂದೆಯೂ ಬಿಚ್ಚಿರಲಿಲ್ಲ.

ಅಪ್ಪ ಈಗ ಇಲ್ಲ, ಅವ್ವ ನನ್ನ ಜೊತೆಗಿದ್ದಾಳೆ. ಸಿದ್ದು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಮಗಳು ಮೈತ್ರಿಗೆ ರಜೆ ಸಿಕ್ಕಿತೆಂದು ಕಾರು, ಡೇರೆ ಎಲ್ಲ ತಯಾರು ಮಾಡಿಕೊಂಡು ಫೋನು ಮಾಡಿದ.

"ಅಕ್ಕಾ, ಡೇರೆ ತಗೊಂಡೇನಿ. ಅಪ್ಪನ ಮಷಿನ್ನಿನ ದಾರಿ ಹಿಡದು ಹೋಗೋಣು. ಆಳಂದ, ಅಫಜಲಪುರ, ಜೇವರ್ಗಿ. ಅವ್ವನ್ನೂ ಕರಕೊಂಡು."

"ಡೇರ್ಯಾಗ ಮಲಗೋದು ಬಿಡಸ್ಕೊಳ್ಳಾಕ ನಾ ಅರ್ಧ ಆಯುಷ್ಯ ದುಡದೇನಿ ತಮ್ಮಾ."

"ಮೈತ್ರಿಗಿ ತೋರ್ಸಬೇಕಕ್ಕಾ. ನೀ ಬರಲಿಲ್ಲಂದ್ರ ಊಟಕ್ಕ ಎಲ್ಲಿ ನಿಲ್ಲಬೇಕಂತ ಯಾರು ಹೇಳ್ತಾರ?"

ಹೊಗಳಿಕೆಗೆ ನಾನು ಸೋಲುವುದಿಲ್ಲ, ಆದರೆ ಸಲಹೆ ಕೇಳಿದರೆ ಸೋಲುತ್ತೇನೆ. ಅದು ನನ್ನ ಚಟ. ಆ ವಾರ ಬಜಾರಿಗೆ ರಜೆಯೂ ಇತ್ತು. ಅವನು ಗ್ಯಾಸ್ ಒಲೆ, ಅಕ್ಕಿ, ಬೇಳೆ ಎಂದು ಪಟ್ಟಿ ಹೇಳತೊಡಗಿದಾಗ ನಾನೇ ತಡೆದೆ. ಒಲೆ ಬೇಡ, ಭಾರ ಬೇಡ, ಆ ದಾರಿಯ ಒಂದೊಂದು ಖಾನಾವಳಿಯೂ ನನಗೆ ಗೊತ್ತು, ಚೀಲ ತರಲು ಆ ಕಡೆ ತಿಂಗಳಿಗೊಮ್ಮೆ ಹೋಗುವವಳು ನಾನು, ನಿಮ್ಮನ್ನು ಹಸಿದಿರಲು ಬಿಡುವುದಿಲ್ಲ ಎಂದೆ. ಆಗ ಅವನು ಹಳೆಯ ಮಾತು ತೆಗೆದ. ಸಣ್ಣವರಿದ್ದಾಗ ಒಂದು ಹೊಲದಲ್ಲಿ ತಿಂದಿದ್ದ ಭಜ್ಜಿ, ಕಡುಬು. ಹಸಿ ಕಾಳು, ಹೊಲದ ಸೊಪ್ಪು ಎಲ್ಲ ಕೂಡಿಸಿ ಕುದಿಸಿದ ಆ ಪಲ್ಯದ ರುಚಿ ಇವತ್ತಿಗೂ ನಾಲಿಗೆಯ ಮೇಲಿದೆ ಎಂದು ವರ್ಷಕ್ಕೊಮ್ಮೆಯಾದರೂ ಹೇಳುತ್ತಾನೆ. ಅದು ಅಂಗಡಿಯಲ್ಲಿ ಸಿಗುವುದಲ್ಲ ಎಂದು ಪ್ರತಿ ಸಲದಂತೆ ಮಾತು ಮುರಿದೆ.

ಮೊದಲ ದಿನ ನನ್ನ ಮಾತು ಉಳಿಯಿತು. ಆಳಂದದ ಹೊರಗೆ ಒಂದು ಸಣ್ಣ ಖಾನಾವಳಿಯ ಹಿತ್ತಲಿಗೆ ಮೈತ್ರಿಯನ್ನು ಕರೆದುಕೊಂಡು ಹೋಗಿ ಬೂದಿ ತೋರಿಸಿದೆ. ಅಡುಗೆಯವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಏನ್ ನೋಡಾಕತ್ತೀರಿ ಅಕ್ಕಾರ, ಹೆಣ್ಣು ನೋಡಾಕ ಬಂದೀರೇನು?"

"ಸೊಸಿ ಮಾಡ್ಕೊಳ್ಳಾಕ ಹುಡುಗರಿಲ್ಲ ನಮ್ಮನ್ಯಾಗ. ಪುಂಡಿಪಲ್ಯ ಇವತ್ತಿಂದೇನು?"

"ನಿನ್ನಿದು. ಪುಂಡಿಪಲ್ಯ ನಿನ್ನಿದs ಇರಬೇಕು. ಇವತ್ತಿಂದು ಅಂತ ಹೇಳಿದ್ರ ನೀವು ಎದ್ದು ಹೋಗ್ತಿದ್ರಿ, ನಿಮ್ಮ ಮಾರಿ ನೋಡಿದ್ರ ಗೊತ್ತಾಗ್ತದ."

ಪುಂಡಿ ಸೊಪ್ಪಿನ ಹುಳಿ ಮರುದಿನವೇ ಹದಕ್ಕೆ ಬರುವುದು, ಅದು ಅವಳಿಗೆ ಗೊತ್ತಿತ್ತು. ಅವಳ ಮುಂದೆ ನಾನು ಹೆಚ್ಚು ಎಳೆಯಲಿಲ್ಲ. ತಿಳಿದವರ ಜೊತೆ ಚೌಕಾಸಿ ಬೇಗ ಮುಗಿಯುತ್ತದೆ. ಆ ರಾತ್ರಿ ಪರಿಚಯದವರ ಹೊಲದಲ್ಲಿ ಡೇರೆ ಹಾಕಿದೆವು. ಅವ್ವ ಒಳಗೆ ಹೋಗಿ ಬಟ್ಟೆಯ ಗೋಡೆಯನ್ನು ಕೈಯಿಂದ ಒತ್ತಿ ನೋಡಿ, "ಇದ್ಕಿಂತ ಟ್ರಾಲಿ ಚಲೋ ಇತ್ತು. ಗಾಳಿ ಆಡ್ತಿತ್ತು" ಎಂದಳು. ನೆಲದ ತಂಪು ಬೆನ್ನಿಗೇರಿ ನನಗೆ ನಿದ್ದೆ ಬರಲಿಲ್ಲ. ಈ ವಯಸ್ಸಿನಲ್ಲಿ ಹಳೆಯ ದಾರಿ ಹಿಡಿಯುವವರಿಗೆ ನನ್ನ ಸಲಹೆ: ಹಾಸಿಗೆ ದಪ್ಪಗಿರಲಿ.

ಮರುದಿನ ಅವ್ವ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದ್ದು ನನ್ನ ಮಾತು ನಂಬಿ. ಗುಳಿಗೆ ನುಂಗಿದ ಮೇಲೆ ಅವಳು ಉಣ್ಣಲೇಬೇಕು. ಇಲ್ಲದಿದ್ದರೆ ಕೈ ನಡುಗುತ್ತದೆ, ಬೆವರುತ್ತಾಳೆ, ಒಮ್ಮೆ ಮನೆಯಲ್ಲೇ ಎಚ್ಚರ ತಪ್ಪಿ ಬಿದ್ದಿದ್ದಳು. ದಾರಿಯಲ್ಲೇ ನನಗೆ ಗೊತ್ತಿರುವ ಖಾನಾವಳಿ ಇದೆ, ಹೋಗಿ ಕುಳಿತರೆ ಬಿಸಿ ರೊಟ್ಟಿ ಎಂದಿದ್ದೆ. ಅದರ ಬಾಗಿಲಿಗೆ ಹಲಗೆ ಹಾಕಿತ್ತು. ಮುಂದಿನ ಊರಿನದಕ್ಕೂ ಬೀಗ. ಗೊಬ್ಬೂರ ತಲುಪಿದಾಗ ರಸ್ತೆಯ ಎರಡೂ ಬದಿಯ ಅಂಗಡಿಗಳು ಮುಚ್ಚಿ, ಬೀದಿಯಲ್ಲಿ ನಾಯಿಗಳು ಮಾತ್ರ ಇದ್ದವು. ಪಂಕ್ಚರ್ ಅಂಗಡಿಯ ಚಾಚಾ ಒಬ್ಬರು ಶಟರ್ ಎಳೆಯುತ್ತಿದ್ದರು. ಇಲ್ಲಿ ಯಾರಾದರೂ ತೀರಿಕೊಂಡರೇನು ಎಂದು ಕೇಳಿದೆ.

"ಯಾರ್ ತೀರ್ಕೋತಾರ್ರಿ ಅಕ್ಕಾ. ಇವತ್ತ ಎಳ್ಳ ಅಮಾಸಿ ಅದ. ಊರಿಗಿ ಊರs ಹೊಲದಾಗ ಅದ. ನಾನೂ ಹೊಂಟೇನಿ ದೋಸ್ತನ ಹೊಲಕ್ಕ, ಕಡುಬು ಕರ್ಯಾಕತ್ತಾವ. ನೀವು ಇದೇ ಸೀಮ್ಯಾವ್ರು ಕಾಣ್ತೀರಿ, ಇಷ್ಟೂ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಅಮಾವಾಸ್ಯೆ ಎಂದರೆ ಕ್ಯಾಲೆಂಡರಿನ ಕಪ್ಪು ಚುಕ್ಕೆ, ಅಷ್ಟೆ. ನಾವು ಅದನ್ನು ಆಚರಿಸುವುದಿಲ್ಲ, ಚರಗ ಚೆಲ್ಲಲು ಹೊಲವೂ ಇಲ್ಲ. ಬಜಾರಿಗೆ ರಜೆ ಎಂಬುದು ತಿಳಿದಿತ್ತು, ರಜೆ ಯಾವುದಕ್ಕೆ ಎಂದು ಕೇಳಿರಲಿಲ್ಲ. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಸೀಮೆಯಲ್ಲಿ ಊಟವೆಲ್ಲ ಹೊಲಕ್ಕೆ ಹೋಗುತ್ತದೆ. ಹಸಿರು ಜೋಳದ ನಡುವೆ ಪೂಜೆ ಮಾಡಿ, ಭಜ್ಜಿ, ಸಜ್ಜೆ ರೊಟ್ಟಿ, ಕಡುಬುಗಳ ಚರಗವನ್ನು ಭೂಮಿಗೆ ಚೆಲ್ಲಿ, ಆಮೇಲೆ ಎಲ್ಲರೂ ಉಣ್ಣುತ್ತಾರೆ. ದಾರಿಯಲ್ಲಿ ಹೋಗುವವರನ್ನೂ ಕರೆದು ಉಣಿಸುತ್ತಾರೆ. ಇಂಥ ದಿನ ಖಾನಾವಳಿ ನಂಬಿ, ಒಲೆ ಬಿಟ್ಟು, ಸಕ್ಕರೆಯ ರೋಗಿಯನ್ನು ಕರೆದುಕೊಂಡು ಹೊರಟವಳು ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಕಾರಿನಲ್ಲಿದ್ದ ಬಿಸ್ಕೀಟನ್ನು ಮೈತ್ರಿ ಮುಂಜಾನೆ ಹೊಲದ ನಾಯಿಗೆ ತಿನ್ನಿಸಿದ್ದಳು. ಚಾಚಾ ತಮ್ಮ ಅಂಗಡಿಯೊಳಗಿಂದ ಚಹಾದ ಬೆಲ್ಲದ ತುಣುಕೊಂದನ್ನು ತಂದುಕೊಟ್ಟರು. ಅವ್ವನ ಬಾಯಿಗೆ ಹಾಕಿದೆ. ಅದು ಸ್ವಲ್ಪ ಹೊತ್ತಿನ ಆಸರೆ.

ಚೌಡಾಪುರದ ಕಡೆ ಹೊರಟೆವು. ಗಾಣಗಾಪುರದಲ್ಲಿ ಯಾತ್ರಿಕರಿಗಾಗಿ ಏನಾದರೂ ತೆರೆದಿರುತ್ತದೆ ಎಂಬುದು ನನ್ನ ಲೆಕ್ಕ. ಆದರೆ ರಸ್ತೆಯ ತುಂಬ ಬಂಡಿ, ಟ್ರ್ಯಾಕ್ಟರು, ಬುಟ್ಟಿ ಹೊತ್ತ ಹೆಂಗಸರು, ಕಾರು ತೆವಳುತ್ತಿತ್ತು. ಎರಡೂ ಕಡೆಯ ಹೊಲಗಳಿಂದ "ಹುಲ್ಲುಲ್ಲಿಗೋ" ಎಂದು ಒಬ್ಬ ಕೂಗಿದರೆ "ಸಲಾಂಬ್ರಿಗೋ" ಎಂದು ಇನ್ನೊಬ್ಬ ಓಗೊಡುತ್ತಿದ್ದ, ಚರಗ ಚೆಲ್ಲುವ ಕೂಗು. ಅವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಚಳಿಗಾಲದಲ್ಲಿ ಬೆವರು.

"ಇಲ್ಲೇ ಯಾರದರ ಹೊಲಕ್ಕ ಹೋಗೋಣು ಅಕ್ಕಾ. ಎಲ್ಲಾರೂ ಕರ್ಯಾಕತ್ತಾರ" ಎಂದ ಸಿದ್ದು.

"ಬ್ಯಾಡ. ಗಾಣಗಾಪುರಕ್ಕ ನಡಿ."

"ಅವ್ವನ ಕೈ ನೋಡು."

"ನಡಿ ಅಂದೆ."

ಅವನು ತಿರುಗಿ ನನ್ನನ್ನು ನೋಡಿದ. ಅವನಿಗೆ ಭಜ್ಜಿ ನೆನಪಿತ್ತು, ನನಗೆ ಬದು ನೆನಪಿತ್ತು. ಆ ಭಜ್ಜಿಯ ದಿನ ನನಗೆ ಹತ್ತು ವರ್ಷ, ಅವನಿಗೆ ಐದು. ಅಫಜಲಪುರ ತಾಲ್ಲೂಕಿನದೇ ಒಂದು ಊರು. ಹೆಸರು ಬರೆಯುವುದಿಲ್ಲ, ಅಲ್ಲಿಯವರು ಈಗ ನನ್ನ ಗಿರಾಕಿಗಳು. ಅಮಾವಾಸ್ಯೆಯೆಂದು ಹಿಂದಿನ ದಿನದಿಂದಲೇ ರಾಶಿ ನಿಂತಿತ್ತು. ಕೆಲಸವಿಲ್ಲದ ದಿನ ಕರಾರಿನ ಊಟವೂ ಇಲ್ಲ, ನಮ್ಮ ಹಿಟ್ಟಿನ ಡಬ್ಬಿ ಬರಿದು, ಗಿರಣಿಗೆ ಬೀಗ. ಅವ್ವ ತೊಗರಿಕಾಯಿ ಕುದಿಸಿ ಕೊಟ್ಟಿದ್ದಳು, ಎರಡು ದಿನದಿಂದ ಅದನ್ನೇ ತಿಂದು ಸಿದ್ದು ಅಳುತ್ತಿದ್ದ. ಅವನನ್ನು ಸಮಾಧಾನ ಮಾಡಲು ಬದುವಿನ ಮೇಲೆ ನಡೆಸಿಕೊಂಡು ಹೋದೆ. ಒಂದು ಹೊಲದಿಂದ ಹೆಂಗಸೊಬ್ಬಳು ಬರ್ರಿ ಮಕ್ಕಳ ಎಂದು ಕೈ ಬೀಸಿದಳು, ನಾವು ಓಡಿದೆವು. ಅವಳು ತಟ್ಟೆ ಹಿಡಿದು, ಯಾರ ಪೈಕಿ ಬೇ ಎಂದು ಕೇಳಿದಳು. ಮಷಿನ್ ಹಣಮಂತಪ್ಪನ ಮಗಳರಿ ಎಂದೆ, ಹೆಮ್ಮೆಯಿಂದಲೇ. ತಟ್ಟೆ ಹಿಂದಕ್ಕೆ ಹೋಯಿತು. ಸಿಟ್ಟಿನಿಂದಲ್ಲ; ಉಕ್ಕುವ ಹಾಲಿನ ಪಾತ್ರೆಯನ್ನು ಒಲೆಯಿಂದ ಸರಿಸುವಂತೆ, ಅಷ್ಟು ಸಹಜವಾಗಿ. ಬದುವಿನ ಆಚೆ ಕುಂಡ್ರಿ ಮಕ್ಕಳ ಎಂದಳು. ಮುತ್ತುಗದ ಎಲೆ ಹಾಕಿದರು. ಅವಳ ಕೈ ಅವಳ ಎದೆಯ ಎತ್ತರದಲ್ಲಿ ನಿಂತಿತು, ಅಲ್ಲಿಂದ ಕಡುಬು ಬಿತ್ತು, ಎಲೆಯಿಂದ ಉರುಳಿ ಮಣ್ಣಿಗೆ ಹೋಯಿತು. ಸಿದ್ದು ಮಣ್ಣು ಕೊಡವಿ ತಿಂದು ನಕ್ಕ. ನಾನು ಎಲೆ ಮುಟ್ಟಲಿಲ್ಲ.

ಅಷ್ಟರಲ್ಲಿ ಅಪ್ಪ ಹುಡುಕಿಕೊಂಡು ಬಂದ. ನಮ್ಮನ್ನು ಎಬ್ಬಿಸಲಿಲ್ಲ. ಸಿದ್ದು ಬೆರಳು ನೆಕ್ಕಿ ಮುಗಿಸುವವರೆಗೂ ಬದುವಿನ ಮೇಲೆ ನಿಂತಿದ್ದು, ಆಮೇಲೆ ಹೊಲದ ಮಾಲೀಕನನ್ನು ಕೇಳಿದ.

"ಗೌಡ್ರ, ಈ ಊಟಕ್ಕ ಏನ್ ಕೊಡ್ಲಿ?"

"ಚರಗದ ಊಟಕ್ಕ ಯಾರರ ಬೆಲಿ ಕಟ್ತಾರೇನೋ ಹಣಮ್ಯಾ? ಭೂಮಿತಾಯಿದು ಅದು."

"ನಾ ಕಟ್ತೇನ್ರಿ."

ಮರುದಿನ ಅವರ ಬದುವಿನ ಪಕ್ಕದ ತೊಗರಿಯನ್ನು ಕೂಲಿಯಿಲ್ಲದೆ ಒಕ್ಕಿಕೊಟ್ಟ. ಟ್ರಾಲಿಗೆ ಮರಳುವ ದಾರಿಯಲ್ಲಿ ಅವನು ನನಗೆ ಹೇಳಿದ್ದು ಒಂದೇ ಮಾತು: "ಮೊದಲs ಮಾತಾಡಬೇಕಿತ್ತು ಬೇ ನೀ." ಅವನಿಗೆ ಬೇರೇನೂ ತೋಚಿರಲಿಕ್ಕಿಲ್ಲ. ನಾನು ಮಾತ್ರ ಅಂದಿನಿಂದ ಮೊದಲೇ ಮಾತಾಡುತ್ತ ಬಂದಿದ್ದೇನೆ. ಚೀಲಕ್ಕೆ, ಬಾಡಿಗೆಗೆ, ಚಹಾಕ್ಕೆ, ಮದುವೆ ಮನೆಯ ಊಟಕ್ಕೂ ಮೊದಲು ಕೊಡುಗೆ ಕೊಟ್ಟು ಆಮೇಲೆ ಪಂಕ್ತಿಗೆ ಕೂರುವವಳು. ಜನ ನನ್ನನ್ನು ಗಟ್ಟಿ ವ್ಯಾಪಾರಿ ಎನ್ನುತ್ತಾರೆ. ಗಟ್ಟಿಯಾಗಿರುವುದು ದಣಿವಿನ ಕೆಲಸ. ಬೆಲೆಯನ್ನು ಸದಾ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡವರಿಗೆ ರುಚಿ ಸರಿಯಾಗಿ ಹತ್ತುವುದಿಲ್ಲ.

ಇದನ್ನೇ ಕಾರಿನಲ್ಲಿ ನಾಲ್ಕು ಮಾತಿನಲ್ಲಿ ಹೇಳಿಬಿಟ್ಟೆ. ನೀ ಹುಡುಕುವ ಭಜ್ಜಿ ಬದುವಿನ ಆಚೆ ಕುಳಿತು ತಿಂದದ್ದು, ಮೇಲಿನಿಂದ ಬಿದ್ದದ್ದು ಎಂದೆ. ಸಿದ್ದು ಎದುರಿನ ಬಂಡಿಯೊಂದಕ್ಕೆ ದಾರಿ ಬಿಟ್ಟ.

"ಗೊತ್ತದ ಅಕ್ಕಾ. ಕಡುಬಿನ ಮಣ್ಣು ನನಗೂ ನೆನಪದ. ಆದ್ರ ರುಚಿ ಸುಳ್ಳಲ್ಲಲಾ. ಎರಡೂ ನಂದs."

ಹೇಳಿ ಅವನು ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಿದ. ಅವ್ವ ಕಣ್ಣು ಮುಚ್ಚಿದ್ದಳು.

ಪಕ್ಕದ ಜೋಳದ ಹೊಲದಲ್ಲಿ ಬನ್ನಿ ಮರದ ಕೆಳಗೆ ಒಂದು ಮನೆಯವರು ಜಮಖಾನೆ ಹಾಸಿ ಕುಳಿತಿದ್ದರು. ಸೊಸೆ ಇರಬೇಕು, ಇಳಕಲ್ ಸೀರೆಯ ಹುಡುಗಿಯೊಬ್ಬಳು ಕಾರು ನಿಂತದ್ದು ನೋಡಿ ತಾನೇ ದಾರಿಗೆ ಬಂದಳು.

"ಬರ್ರಿ ಅಕ್ಕಾರ, ಊಟಕ್ಕ ಬರ್ರಿ. ಇವತ್ತ ದಾರ್ಯಾಗ ಹೋಗೋರನ್ನ ಬಿಡಂಗಿಲ್ಲ."

ನಾನೂ ಸಿದ್ದುವೂ ಅವ್ವನನ್ನು ಹಿಡಿದು ನಡೆಸಿದೆವು. ನನ್ನ ಬಾಯಿ ತನ್ನಷ್ಟಕ್ಕೆ ಕೆಲಸ ಶುರುಮಾಡಿತ್ತು.

"ನಮ್ಮವ್ವಗ ಒಂದು ಗಿಂಡಿ ಅಂಬಲಿ ಸಾಕವ್ವಾ. ಏನ್ ಕೊಡಬೇಕು ಹೇಳು."

"ಅಯ್ಯ, ಏನ್ ಮಾತರಿ ಅಕ್ಕಾ. ಪ್ಯಾಟಿಯವ್ರೇನು ನೀವು?" ಹುಡುಗಿ ನಕ್ಕಳು.

ಮರದ ಕೆಳಗಿದ್ದ ಅವಳ ಅತ್ತೆ, ಹಣೆಯ ಮೇಲೆ ಕೈಯಿಟ್ಟು ನಮ್ಮನ್ನು ನೋಡಿ ಕೇಳಿದಳು: "ಯಾವೂರ್ರಿ? ಯಾರ ಪೈಕಿ?"

ಈ ಪ್ರಶ್ನೆಗೆ ನನ್ನ ಬಳಿ ಬಳಸಿ ನುಣುಪಾದ ಉತ್ತರವಿದೆ. ಕಲಬುರಗಿಯವರು, ಚೀಲದ ವ್ಯಾಪಾರ. ಅಷ್ಟಕ್ಕೇ ಮಾತು ಬಜಾರಿನ ದರಕ್ಕೆ ಹೊರಳುತ್ತದೆ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವ್ವ ಮಾತಾಡಿದಳು. ಜಮಖಾನೆಯ ಅಂಚಿನಲ್ಲಿ, ನನ್ನ ತೋಳಿಗೆ ಜೋತುಬಿದ್ದು, ಧ್ವನಿ ಮಾತ್ರ ನೆಟ್ಟಗೆ.

"ನಾವು ಆಳಂದದ ಹೊರಕೇರಿಯವ್ರು ಬೇ. ಬುದ್ಧಗ ನಡಕೊಳ್ಳೋರು. ರಾಶಿ ಮಷಿನ್ ಹಣಮಂತಪ್ಪ ನನ್ನ ಗಂಡ. ಮೊದಲs ಹೇಳಿರ್ತೇನಿ. ಕುಂತ ಮ್ಯಾಲ ಎಬ್ಬಿಸಬ್ಯಾಡ್ರಿ."

ಸೊಸೆಯ ಕೈಯಲ್ಲಿ ತಟ್ಟೆ ಇತ್ತು. ಅದು ನಿಂತಿತು. ಅವಳು ಅತ್ತೆಯ ಮುಖ ನೋಡಿದಳು. ಜಮಖಾನೆಯ ಆ ತುದಿಯಲ್ಲಿ ಉಣ್ಣುತ್ತಿದ್ದ ಗಂಡಸೊಬ್ಬ, ಅವಳ ಮಾವನೋ ದೊಡ್ಡಮಾವನೋ, ತಟ್ಟೆ ಎತ್ತಿಕೊಂಡು ಟ್ರ್ಯಾಕ್ಟರಿನ ಹತ್ತಿರ ಹೋಗಿ ನಿಂತ. ನಾನು ಅವ್ವನ ಭುಜ ಹಿಡಿದು ತಿರುಗಿಸಲು ತಯಾರಾಗಿದ್ದೆ. ಅವ್ವ ಕದಲಲಿಲ್ಲ. ಕದಲುವ ಶಕ್ತಿಯೂ ಇರಲಿಲ್ಲ.

"ಮಾರಿ ಏನ್ ನೋಡ್ತಿ ಬೇ?" ಅತ್ತೆ ಸೊಸೆಗೆ ಹೇಳಿದಳು. "ಆಯಿ ಕೈ ಹೆಂಗ ನಡಗಾಕತ್ತಾವ ನೋಡು. ಮೊದಲ ಅಂಬಲಿ ಕೊಡು. ಮಾತು ಎಲ್ಲಿಗೂ ಓಡಿ ಹೋಗಂಗಿಲ್ಲ."

ಅಂಬಲಿ ಅವರದೇ ಗಿಂಡಿಯಲ್ಲಿ ಬಂತು. ಅವ್ವ ಕುಳಿತು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಗಿಂಡಿಯ ಅಂಚು ಅವಳ ಹಲ್ಲಿಗೆ ತಾಗಿ ಟಕ್ ಟಕ್ ಎನ್ನುತ್ತಿತ್ತು, ಆಮೇಲೆ ಆ ಸದ್ದು ನಿಂತಿತು. ಆಗ ತಟ್ಟೆಗಳು ಬಂದವು. ನಾನು ಸೊಸೆಯ ಕೈಯನ್ನೇ ನೋಡುತ್ತಿದ್ದೆ. ಅದು ಕೆಳಗೆ ಬಂತು, ಇನ್ನೂ ಕೆಳಗೆ ಬಂತು, ಸೌಟಿನ ತಳ ರೊಟ್ಟಿಗೆ ತಾಗಿತು. ತಾಗುವ ಮೊದಲು ಒಂದು ಕ್ಷಣ ತಡೆಯಿತೋ ಇಲ್ಲವೋ, ಹೇಳಲಾರೆ. ಇಷ್ಟು ವರ್ಷ ಕೈಗಳನ್ನು ಅಳೆದು ನನ್ನ ಕಣ್ಣೇ ಸವೆದಿದೆ.

ಸಿದ್ದು ತಲೆ ಎತ್ತದೆ ಉಣ್ಣುತ್ತಿದ್ದ. ಅದೇ ರುಚಿಯೇನು ಎಂದು ಕೇಳಿದೆ.

"ಅಲ್ಲ ಅಕ್ಕಾ. ಇದಕ್ಕ ಉಪ್ಪು ಕಮ್ಮಿ ಅದ" ಎಂದು ಪಿಸುಗುಟ್ಟಿದ. ಆಮೇಲೆ ತಟ್ಟೆ ಮುಂದೆ ಚಾಚಿ ಇನ್ನೊಮ್ಮೆ ನೀಡಿಸಿಕೊಂಡ.

ನಾನೂ ಉಂಡೆ. ಟ್ರ್ಯಾಕ್ಟರಿನ ಹತ್ತಿರ ನಿಂತೇ ಉಣ್ಣುತ್ತಿದ್ದ ಆ ಮನುಷ್ಯನ ಬೆನ್ನು ನನ್ನ ಕಣ್ಣಿನ ಅಂಚಿನಲ್ಲಿ ಕೊನೆಯವರೆಗೂ ಇತ್ತು. ಹೊರಡುವಾಗ ಅಭ್ಯಾಸಬಲದಿಂದ ಕೈ ಸೊಂಟದ ಚೀಲಕ್ಕೆ ಹೋಯಿತು, ಅವ್ವ ನನ್ನ ಮೊಣಕೈ ಚಿವುಟಿದಳು. ಅಷ್ಟರಲ್ಲಿ ಅತ್ತೆ ಒಂದು ಸ್ಟೀಲಿನ ಡಬ್ಬಿಗೆ ಭಜ್ಜಿ ತುಂಬಿ ಮೈತ್ರಿಯ ಕೈಗೆ ಕೊಟ್ಟಳು. ಡಬ್ಬಿಯ ಹೊಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಅವರ ಮನೆಯವರ ಹೆಸರು ಕೊರೆದಿತ್ತು.

"ಡಬ್ಬಿ ಹೆಂಗ ಮುಟ್ಟಿಸ್ಲೆವ್ವಾ?" ಎಂದೆ.

"ಈ ದಾರೀಲೆ ಬಂದಾಗ ಕೊಡ್ರಿ. ಖಾಲಿ ಮಾತ್ರ ತರಬ್ಯಾಡ್ರಿ ಮತ್ತ."

ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ಎಲ್ಲ ಮನೆಗಳ ಪದ್ಧತಿ, ಅವಳು ಯೋಚಿಸಿ ಹೇಳಿದ್ದಲ್ಲ. ಆದರೆ ಕಾರು ಜೇವರ್ಗಿಯ ದಾರಿ ಹಿಡಿದ ಮೇಲೂ ಆ ಮಾತು ನನ್ನ ಜೊತೆಗೇ ಬಂತು. ತುಂಬಿಸಿ ಕೊಡಬೇಕೆಂದರೆ ನಮ್ಮ ಒಲೆಯ ಮೇಲೆ ಮಾಡಿದ್ದನ್ನು ತುಂಬಿಸಬೇಕು. ಅವ್ವ ಮುಂದಿನ ಸೀಟಿನಲ್ಲಿ, ಬೆವರು ಆರಿ, ಸೆರಗು ಸರಿಮಾಡಿಕೊಂಡು ಆಗಲೇ ನಿರ್ಧಾರ ಮಾಡಿದ್ದಳು: "ಶೇಂಗಾ ಹೋಳಿಗಿ. ನಾನs ಮಾಡ್ತೇನಿ. ಅಂಗಡಿದು ತಂದು ಹಾಕಬ್ಯಾಡ ನೀ."

ಊರಿಗೆ ಬಂದು ಬಹಳ ದಿನವಾಯಿತು. ಚೀಲ ತರಲು ಆ ದಾರಿಯಲ್ಲಿ ಎರಡು ಸಲ ಹೋಗಿಬಂದೆ, ಡಬ್ಬಿ ಮನೆಯಲ್ಲೇ ಇತ್ತು. ಮಳಿಗೆಯಲ್ಲಿ ಕೆಲಸವಿದೆ, ಶೇಂಗಾ ತೇಜಿ ಇದೆ, ದರ ಇಳಿಯಲಿ ಎಂದು ಅವ್ವನಿಗೆ ಹೇಳುತ್ತ ಬಂದೆ. ತುಂಬಿಸಿ ಬಾಗಿಲಿಗೆ ಕೊಟ್ಟು ಬರುವುದು ಕಷ್ಟದ ಕೆಲಸವಲ್ಲ. ಕೊಟ್ಟ ಮೇಲೆ ಅಲ್ಲಿ ಕುಳಿತು, ಅವರು ಮುಚ್ಚಳ ತೆಗೆಯುತ್ತಾರೋ, ಒಳಗಿಟ್ಟು ನಾವು ಹೋದ ಮೇಲೆ ದನಕ್ಕೆ ಹಾಕುತ್ತಾರೋ ಎಂದು ಲೆಕ್ಕ ಹಾಕಬೇಕಲ್ಲ, ನನಗೆ ದಣಿವಾಗುವುದು ಅದನ್ನು ನೆನೆದರೆ. ಅವ್ವನಿಗೆ ಆ ದಣಿವಿಲ್ಲ. "ಅವ್ರು ತಿಂದ್ರ ತಿಂತಾರ. ನಾವು ಕೊಡೋದು ಕೊಡಬೇಕು" ಎನ್ನುತ್ತಾಳೆ, ಮೊರದ ಮುಂದೆ ಕುಳಿತು.

ನಿನ್ನೆ ಶೇಂಗಾ ತಂದೆ. ದರ ಕೇಳಲಿಲ್ಲ, ಒಳ್ಳೆಯದನ್ನೇ ಕೊಡು ಎಂದೆ. ಅಂಗಡಿಯವನು ನನ್ನ ಮುಖ ನೋಡಿದ.